ಕೇಳಿ ಹೇಳ್ತೀನ್ರಿ ಸರ್

ಮೊನ್ನೆ ಬೆಳಿಗ್ಗೆ ಅತ್ತೆ ಹಲ್ಲುನೋವೆಂದು ಎರಡು ಲವಂಗ ಜಜ್ಜಿ ದವಡೆಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಏನೋ ಕೇಳಲು ಬಾಯಿ ತೆರೆದರು, ಆ ವಾಸನೆ ಬಂತು... ಕೈ ಅಲ್ಲೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿದ ಮೇಲೆ ಅತ್ತೆಯೇ ಒಲೆ ಆರಿಸಿದರು. "ಯಾಕವಾ, ಏನಾತು?" ಎಂದರು. ಏನಿಲ್ಲ ಎಂದೆ.

ನಾಲ್ಕು ವರ್ಷದ ಹಿಂದೆ ಇದೇ ವಾಸನೆ ಬೀರುತ್ತಾ, ಬಾತುಕೊಂಡ ಗಲ್ಲವನ್ನು ಟವೆಲಿನಿಂದ ಮುಚ್ಚಿಕೊಂಡು ನನ್ನ ಮುಂದೆ ಬಂದು ನಿಂತವರು ನಮ್ಮ ಪಿ.ಟಿ. ಸರ್. ಅವರು ನನ್ನನ್ನು ಒಂದು ಮಾತು ಕೇಳಿದ್ದರು.

ಮೂಡಲಗಿಯ ಹೈಸ್ಕೂಲಿನಲ್ಲಿ ಅವರು ನನಗೆ ಖೋ-ಖೋ ಕಲಿಸಿದವರು. ಕುರುಬರ ಮನೆತನ ಅವರದು. ಚಿಕ್ಕವರಿದ್ದಾಗ ಅಪ್ಪನ ಕುರಿಗಳ ಹಿಂದೆ ಹೊಲ ಹೊಲ ಅಲೆದವರು. "ನನಗ ಓಡೂದು ಯಾವ ಮಾಸ್ತರೂ ಕಲಿಸಿಲ್ಲ, ತೋಳ ಕಲಿಸೇತಿ" ಎಂದು ನಗುತ್ತಿದ್ದರು. ಸಣ್ಣ ಆಳು, ಒಣಗಿದ ಕಟ್ಟಿಗೆಯಂಥ ಕಾಲು, ಕೊರಳಲ್ಲಿ ಸದಾ ಒಂದು ಸೀಟಿ. ಅವರ ಸೀಟಿ ಕೇಳಿಸಿತೆಂದರೆ ಮೈದಾನದಲ್ಲಿದ್ದ ದನಗಳೂ ದಾರಿ ಬಿಡುತ್ತಿದ್ದವು.

ನನ್ನನ್ನು ತಾಲೂಕಿನ ಪಂದ್ಯಕ್ಕೆ ಗೋಕಾಕಕ್ಕೆ ಕರೆದೊಯ್ಯಬೇಕೆಂದಾಗ ಅವರೇ ನಮ್ಮ ಓಣಿಗೆ ಬಂದಿದ್ದರು. ಅವ್ವ ಆಗಷ್ಟೇ ಕಬ್ಬಿನ ಹೊಲದ ಕೂಲಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ನಮ್ಮ ಮನೆಯಲ್ಲಿ ಕೂರಲು ಕುರ್ಚಿ ಇರಲಿಲ್ಲ. ಗೋಡೆಯ ಮೇಲೆ ಬುದ್ಧನ ಫೋಟೊ, ಕೆಳಗೆ ಒಂದು ಚಾಪೆ. ಸರ್ ಚಾಪೆಯ ಮೇಲೆ ಕುಳಿತು ಅವ್ವ ಕೊಟ್ಟ ಚಹಾ ಕುಡಿದರು. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಹಾಗೆ ಕುಳಿತು ಚಹಾ ಕುಡಿದ ಮಾಸ್ತರರು ಬಹಳ ಮಂದಿ ಇರಲಿಲ್ಲ.

"ಹುಡುಗಿ ಚಡ್ಡಿ ಹಾಕ್ಕೊಂಡು ಓಡ್ತಾಳಂದ್ರ ಜನ ಏನಂತಾರ್ರಿ ಸರ?" ಎಂದಳು ಅವ್ವ.

"ಆಕಿ ಓಡಾಕ ಹತ್ತಿದ್ಲಂದ್ರ ಜನ ಹಿಂದ ಉಳಿತಾರ, ಬಾಯಿ. ಅವರ ಮಾತ ಯಾರಿಗಿ ಕೇಳಸ್ತೈತಿ?"

ಅವ್ವ ನಕ್ಕಳು. ನಾನು ಗೋಕಾಕಕ್ಕೆ ಹೋದೆ, ಓಡಿದೆ. ಆಮೇಲೆ ಪಿಯುಸಿ ಮುಗಿದಾಗ ನರ್ಸಿಂಗ್ ಕೋರ್ಸಿನ ಅರ್ಜಿ ತಂದು, ತಾವೇ ತುಂಬಿ, ಸಹಿ ಮಾಡಲು ಬೆರಳಿಟ್ಟು ಜಾಗ ತೋರಿಸಿದವರೂ ಅವರೇ. ನನ್ನ ಬದುಕಿನಲ್ಲಿ ಅವರು ಹೇಳುತ್ತಾ ಬಂದವರು, ನಾನು ಮಾಡುತ್ತಾ ಬಂದವಳು. ಅವರು ನನ್ನನ್ನು ಏನನ್ನಾದರೂ ಕೇಳುವ ದಿನ ಬರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷವಾಗಿರಬೇಕು... ಒಂದು ದಿನ ಬೆಳಗಿನ ತಿರುಗಾಟದಲ್ಲಿ ಎದೆ ಹಿಡಿದುಕೊಂಡಿತು. ಬೆಳಗಾವಿಗೆ ಒಯ್ದರು. ಹೃದಯದ ಒಂದು ರಕ್ತನಾಳ ಮುಕ್ಕಾಲು ಮುಚ್ಚಿತ್ತಂತೆ, ಸ್ಟೆಂಟ್ ಹಾಕಿದರು. ನಾನು ಆಗ ಹುಕ್ಕೇರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಸುದ್ದಿ ತಿಳಿದು ನೋಡಲು ಹೋದಾಗ ಸರ್ ಹಾಸಿಗೆಯ ಮೇಲೆ ನೆಟ್ಟಗೆ ಕುಳಿತಿದ್ದರು. ಬಲಗೈ ಮಣಿಕಟ್ಟಿಗೆ ಪಟ್ಟಿ.

"ಕೈಯಾಗ ಹೊಕ್ಕು ಎದಿ ತನಕ ಹೋದ್ರಂತವಾ. ಇಷ್ಟುದ್ದ ದಾರಿ ಐತಿ ಅಂತ ನನಗ ಗೊತ್ತ ಇರ್ಲಿಲ್ಲ" ಎಂದರು.

ಮನೆಗೆ ಕಳಿಸುವಾಗ ಗುಳಿಗೆಗಳ ಚೀಲ ಕೊಟ್ಟರು. ಸರ್ ಅವರ ಹೆಂಡತಿ, ನಾವೆಲ್ಲ ಕಾಕೂ ಎನ್ನುವವರು, ಅದನ್ನು ನನ್ನ ಕೈಗಿತ್ತರು. ಒಂದೊಂದೇ ಪಟ್ಟಿ ತೆಗೆದು ಹೇಳಿದೆ. ಇದು ಕೊಬ್ಬಿಗೆ, ಇದು ಬಿ.ಪಿ.ಗೆ. ಈ ಎರಡು ಮಾತ್ರ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಗುಳಿಗೆ. ಒಳಗೆ ಕೂರಿಸಿದ ಸ್ಟೆಂಟ್ ಇನ್ನೂ ಹೊಸದು, ಮೈ ಅದನ್ನು ತನ್ನದೆಂದು ಒಪ್ಪಿಕೊಳ್ಳುವವರೆಗೆ ಅದರೊಳಗೆ ರಕ್ತ ಗಟ್ಟಿಯಾಗುವ ಭಯ ಇದ್ದೇ ಇರುತ್ತದೆ. ಬೆಳಗಾವಿಯ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಇದನ್ನೆಲ್ಲ ನಾನು ಹೇಳಿದ್ದೆ. ಅದೊಂದು ಸಮಾಧಾನವೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ...

ಸರ್ ಗುಳಿಗೆ ನುಂಗುವುದರಲ್ಲೂ ಪಿ.ಟಿ. ಮಾಸ್ತರರೇ. ಬೆಳಿಗ್ಗೆ ಎಂಟು, ಸಂಜೆ ಎಂಟು. ಒಂದು ನಿಮಿಷ ಆಚೀಚೆ ಇಲ್ಲ. "ಸೀಟಿ ಒಂದ ಹೊಡಿಯೂದಿಲ್ಲ ನೋಡು" ಎಂದು ಕಾಕೂ ಚಾಷ್ಟಿ ಮಾಡುತ್ತಿದ್ದರು.

ಆದರೆ ಆ ಗುಳಿಗೆ ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. ಬಾಗಿಲಿಗೆ ಮೊಣಕೈ ತಾಗಿದರೆ ನೀಲಿ ಕಲೆ, ವಾರವಾದರೂ ಹೋಗುತ್ತಿರಲಿಲ್ಲ. ದಾಡಿ ಮಾಡಿಕೊಳ್ಳುವಾಗ ಗದ್ದದ ಹತ್ತಿರ ಕೂದಲೆಳೆಯಷ್ಟು ಕುಯ್ದಿತ್ತಂತೆ, ಅರ್ಧ ಗಂಟೆ ರಕ್ತ ನಿಲ್ಲಲಿಲ್ಲ. ಬನಿಯನ್ ತೊಯ್ದಿತು. ಅವತ್ತು ನನಗೆ ಫೋನ್ ಹಚ್ಚಿ, "ನನ್ನೊಳಗ ರಕ್ತ ತಗದು ನೀರ ತುಂಬ್ಯಾರೇನವಾ?" ಎಂದರು. ಧ್ವನಿಯಲ್ಲಿ ನಗು ಇತ್ತು, ಆದರೆ ನಗುವಿನ ಕೆಳಗೆ ಇನ್ನೇನೋ ಇತ್ತು. ಆಮೇಲೆ ಕಾಕೂ ಬ್ಲೇಡು, ಕುಡುಗೋಲು ಎಲ್ಲ ಎತ್ತಿಟ್ಟರು. ಸರ್ ದಾಡಿ ಬಿಟ್ಟರು.

ನಿವೃತ್ತರಾದ ಮೇಲೂ ದಿನಾ ಸಂಜೆ ಹೈಸ್ಕೂಲಿನ ಮೈದಾನಕ್ಕೆ ಹೋಗಿ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದವರು, ಬಿದ್ದರೆ ರಕ್ತ ನಿಲ್ಲುವುದಿಲ್ಲವೆಂಬ ಹೆದರಿಕೆಗೆ ಒಳಗೆ ಇಳಿಯುವುದನ್ನೇ ಬಿಟ್ಟರು. ಅಂಚಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಒಮ್ಮೆ ನಾನು ಮೂಡಲಗಿಗೆ ಹೋದಾಗ ಬಿಳಿ ದಾಡಿಯ ಆ ಮುದುಕ ಯಾರೆಂದು ನನಗೇ ಗುರುತು ಹತ್ತಲಿಲ್ಲ. ನಮ್ಮ ಮೊಣಕಾಲು ಕಿತ್ತು ರಕ್ತ ಸುರಿಯುತ್ತಿದ್ದರೆ ಮಣ್ಣು ಒತ್ತಿ, "ಏಳ, ಓಡ" ಎನ್ನುತ್ತಿದ್ದ ಮನುಷ್ಯ...

ಸ್ಟೆಂಟ್ ಹಾಕಿದ ಐದನೇ ತಿಂಗಳಲ್ಲಿ ಹಲ್ಲುನೋವು ಶುರುವಾಯಿತು. ಕೆಳದವಡೆಯ ಕಡೇ ಹಲ್ಲು, ಬುಡದಿಂದ ಹುಳುಕು. ಗೋಕಾಕದ ಹಲ್ಲಿನ ಡಾಕ್ಟರು ಗುಳಿಗೆಗಳ ಚೀಟಿ ನೋಡಿ ಕೈ ಹಿಂದೆ ತೆಗೆದರು. ಬೆಳಗಾವಿಯ ಡಾಕ್ಟರಿಂದ ಬರೆಸಿಕೊಂಡು ಬರ್ರಿ, ಆಮೇಲೆ ಕೀಳುತ್ತೇನೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬೆಳಗಾವಿಗೆ ಫೋನ್ ಮಾಡಿದರೆ ಹೃದಯದ ಡಾಕ್ಟರು ಪರವೂರಿಗೆ ಹೋಗಿದ್ದಾರೆ, ಹದಿನೈದು ದಿನ ಬಿಟ್ಟು ಬರ್ರಿ ಎಂದರು. ಅದೂ ಸುಳ್ಳೇನಲ್ಲ. ನೋವಿನ ಗುಳಿಗೆ ತಿನ್ನುವಂತಿರಲಿಲ್ಲ. ಈ ರಕ್ತದ ಗುಳಿಗೆಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದೆಂದು ನಾನೇ ಹಿಂದೆ ಹೇಳಿದ್ದೆ. ಹೀಗಾಗಿ ಲವಂಗ. ಹಗಲೂ ರಾತ್ರಿ ಲವಂಗ.

ಒಂದು ಸೋಮವಾರ ಮಧ್ಯಾಹ್ನ ಸರ್ ನಮ್ಮ ನರ್ಸಿಂಗ್ ಹೋಮಿಗೆ ಬಂದರು. ಅದು ಜ್ವರದ ಸೀಸನ್ನು. ವಾರ್ಡಿನಲ್ಲಿ ಮಂಚ ಸಾಲದೆ ವರಾಂಡದಲ್ಲಿ ಗಾದಿ ಹಾಸಿದ್ದೆವು. ನನ್ನ ಒಂದು ಕೈಯಲ್ಲಿ ಸಲೈನ್ ಬಾಟಲಿ, ಇನ್ನೊಂದರಲ್ಲಿ ಒಂದು ಕೂಸಿನ ಕೈ. ಬಾಗಿಲಲ್ಲಿ ಟವೆಲು ಒತ್ತಿಕೊಂಡು ನಿಂತವರನ್ನು ನೋಡಿ, "ಸರ್, ನೀವಿಲ್ಲಿ?" ಎಂದೆ.

"ಇಲ್ಲೇ ಹುಕ್ಕೇರ್ಯಾಗ ಒಂದು ಲಗ್ನ ಇತ್ತವಾ. ಬಂದಿದ್ದೆ. ಹಂಗ ನಿನ್ನ ನೋಡಿ ಹೋಗೂಣು ಅಂತ."

ಗಲ್ಲ ಒಂದು ಲಿಂಬೆಹಣ್ಣಿನಷ್ಟು ಬಾತಿತ್ತು. ಮಾತಾಡುವಾಗ ಲವಂಗದ ವಾಸನೆ ಬರುತ್ತಿತ್ತು. ನಾಲ್ಕು ದಿನದಿಂದ ಗಂಜಿಯ ಮೇಲೆ ಇದ್ದೇನೆ ಎಂದರು. ಆಮೇಲೆ ಸ್ವಲ್ಪ ತಡೆದು, ವಾರ್ಡಿನ ಕಡೆ ನೋಡಿ, ಧ್ವನಿ ತಗ್ಗಿಸಿ ಕೇಳಿದರು.

"ನಮ್ಮ ಬಾಜೂ ಮನ್ಯಾಂವ ಹೇಳಾಕತ್ತಾನ, ಅವನ ಮಾವ ರಕ್ತದ ಗುಳಿಗಿ ಐದ ದಿನ ಬಿಟ್ಟು ಹಲ್ಲ ತಗಿಸ್ಕೊಂಡನಂತ. ಏನೂ ಆಗ್ಲಿಲ್ಲಂತ. ಐದ ದಿನ ಬಿಟ್ರ ನಡಿತೈತೇನವಾ?"

ನನ್ನ ಬಾಯಲ್ಲಿ ಉತ್ತರವಿತ್ತು. ಬಿಡಬ್ಯಾಡ್ರಿ ಸರ್. ಎರಡೇ ಶಬ್ದ. ಆದರೆ ಅದರ ಹಿಂದಿನ ವಾರವಷ್ಟೇ ನಮ್ಮಲ್ಲಿಗೆ ಬರುವ ಇಬ್ಬರು ಡಾಕ್ಟರುಗಳಲ್ಲಿ ಕಿರಿಯರು, ಒಬ್ಬ ಪೇಶಂಟಿಗೆ ನಾನು ಗುಳಿಗೆಯ ಬಗ್ಗೆ ಏನೋ ಹೇಳಿದೆನೆಂದು ಎಲ್ಲರೆದುರು ಬೈದಿದ್ದರು. "ಡಾಕ್ಟರ್ ನೀನೋ ನಾನೋ?" ಎಂದಿದ್ದರು. ಆ ಮಾತಿನ ಉರಿ ಇನ್ನೂ ಆರಿರಲಿಲ್ಲ. ಮೇಲಾಗಿ ಹಲ್ಲು ಕೀಳದೆ ಬಿಟ್ಟರೆ ಆ ಬಾವು ಎಲ್ಲಿಗೆ ಹೋಗುತ್ತದೋ, ಗುಳಿಗೆ ಬಿಡದೆ ಕಿತ್ತರೆ ರಕ್ತ ನಿಲ್ಲುತ್ತದೋ ಇಲ್ಲವೋ, ನನಗೆ ಗಟ್ಟಿಯಾಗಿ ಗೊತ್ತಿರಲಿಲ್ಲ. ಕೂಸು ಅಳುತ್ತಿತ್ತು. ಅದರ ತಾಯಿ ಸಿಸ್ಟರ್ ಸಿಸ್ಟರ್ ಎಂದು ಸೆರಗು ಜಗ್ಗುತ್ತಿದ್ದಳು.

"ಅದನ್ನ ನಾ ಹೇಳಾಕ ಬರಂಗಿಲ್ರಿ. ನಮ್ಮ ದೊಡ್ಡ ಡಾಕ್ಟರ್‌ನ ಕೇಳಿ ಹೇಳ್ತೀನ್ರಿ ಸರ್" ಎಂದೆ.

"ಆತು, ಕೇಳಿ ಹೇಳು. ಅವಸರಿಲ್ಲ" ಎಂದು ತಲೆಯಾಡಿಸಿದರು. ವರಾಂಡದ ಗಾದಿಗಳ ನಡುವೆ ಯಾರ ಕಾಲೂ ತುಳಿಯದಂತೆ ಹುಷಾರಾಗಿ ಹೆಜ್ಜೆ ಇಡುತ್ತಾ ಹೋದರು. ಒಂದು ಲೋಟ ನೀರು ಕುಡೀರಿ ಎಂದು ಕೂಡ ನಾನು ಹೇಳಲಿಲ್ಲ...

ಆ ಸಂಜೆ ದೊಡ್ಡ ಡಾಕ್ಟರು ಬಂದಾಗ ಒಬ್ಬ ಜ್ವರದ ಹುಡುಗಿಗೆ ಫಿಟ್ಸ್ ಬಂತು. ಅದರ ಗಡಿಬಿಡಿಯಲ್ಲಿ ಮರೆತೆ. ಮರುದಿನ ನೆನಪಿತ್ತು, ಅವರು ಬರಲಿಲ್ಲ. ಮನೆಯಲ್ಲಿ ಏನೋ ಕಾರ್ಯವೆಂದು ವಾರದ ಮಟ್ಟಿಗೆ ರಜೆ ಹಾಕಿದ್ದರು. ಕಿರಿಯ ಡಾಕ್ಟರು ಇದ್ದರು. ಎರಡು ಸಲ ಅವರ ಕೋಣೆಯ ಬಾಗಿಲ ತನಕ ಹೋದೆ. ಎರಡು ಸಲವೂ ತಿರುಗಿ ಬಂದೆ. ಹದಿನೈದು ದಿನಕ್ಕೆ ಬೆಳಗಾವಿಯ ಡಾಕ್ಟರೇ ಬರುತ್ತಾರಲ್ಲ, ಸರ್ ಅಲ್ಲಿಯತನಕ ಕಾಯುತ್ತಾರೆ ಎಂದುಕೊಂಡೆ. ಕಾಯದೆ ಏನು ಮಾಡುತ್ತಾರೆ? ಒಂದು ನಿಮಿಷವೂ ಆಚೀಚೆ ಮಾಡದ ಮನುಷ್ಯ.

ಮುಂದಿನ ಸೋಮವಾರ ದೊಡ್ಡ ಡಾಕ್ಟರು ಬಂದರು. ಚಹಾ ಕೊಡುವ ನೆಪ ಮಾಡಿ ಕೇಳಿದೆ. ಅವರು ಕಪ್ಪು ಕೆಳಗಿಟ್ಟರು. "ಐದ ತಿಂಗಳಿನ ಸ್ಟೆಂಟ್? ಬಿಡಬಾರದು. ಗುಳಿಗಿ ತಗೋತನ ಹಲ್ಲ ಕೀಳಬಹುದು. ಹೊಲಿಗಿ ಹಾಕಿ, ಹತ್ತಿ ಒತ್ತಿ ಹಿಡಿದ್ರ ರಕ್ತ ನಿಲ್ಲತೈತಿ. ಬೇಕಾದ್ರ ನಾನ ಬೆಳಗಾವಿಗೆ ಮಾತಾಡಿ ಚೀಟಿ ಕೊಡಸ್ತೇನಿ. ಯಾರದು?" ಎಂದರು.

ಇಷ್ಟೇ. ಅರ್ಧ ನಿಮಿಷ ಹಿಡಿಯಿತು ಅಷ್ಟು ಹೇಳಲು.

ಹೊರಗೆ ಬಂದವಳೇ ಫೋನ್ ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ನೋಡಿ ಅವರೇ ಮಾಡುತ್ತಾರೆ ಎಂದುಕೊಂಡು ಡ್ಯೂಟಿಗೆ ಹೋದೆ.

ಮಂಗಳವಾರ ಬೆಳಿಗ್ಗೆ ಫೋನ್ ಬಂತು. ಸರ್ ಅವರ ನಂಬರೇ. "ಹಾಂ ಸರ್" ಎಂದೆ. ಆ ಕಡೆ ಅವರ ಮಗಳು. ಅರಭಾವಿಯ ತೋಟಗಾರಿಕೆ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವಾಕೆ. "ಅಪ್ಪಾಗ ಮತ್ತ ಎದಿ ಹಿಡಕೊಂಡೈತಿ ಅಕ್ಕಾ. ಗೋಕಾಕದಾಗ ನೋಡಿ ಬೆಳಗಾವಿಗೆ ಒಯ್ರಿ ಅಂದ್ರು. ಗಾಡ್ಯಾಗ ಅದೀವಿ. ನೀ ಬರ್ತೀಯೇನು?" ಹಿಂದಿನಿಂದ ಕಾಕೂ ಏನೋ ಹೇಳುತ್ತಿದ್ದುದು ಕೇಳಿಸಿತು, ತಿಳಿಯಲಿಲ್ಲ. "ರಕ್ತದ ಗುಳಿಗಿ ಕೊಟ್ರೇನು?" ಎಂದು ಕೇಳಿದೆ. "ಗೋಕಾಕದ ಡಾಕ್ಟರು ಈಗ ಕೊಟ್ರು. ಅಪ್ಪ ಬಿಟ್ಟಿದ್ದನಂತಲ್ಲ ಅಕ್ಕಾ, ಐದ ದಿನದಿಂದ..." ಎಂದಳು.

ನಾನು ಹೇಳದೆ ಕೇಳದೆ ಕೆಲಸ ಬಿಟ್ಟು ಹೊರಬಿದ್ದೆ. ಹುಕ್ಕೇರಿಯಿಂದ ಒಂದು ಟೆಂಪೋ ಹಿಡಿದು ಹತ್ತರಗಿಗೆ ಬಂದು ಇಳಿದೆ. ಹೆದ್ದಾರಿಯಲ್ಲಿ ಬೆಳಗಾವಿಯ ಬಸ್ಸಿಗೆ ಕೈ ಮಾಡುತ್ತಿದ್ದಾಗ ಮತ್ತೆ ಫೋನ್ ಬಂತು. ಈ ಸಲ ಮಗಳು ಮಾತಾಡಲಿಲ್ಲ, ಅತ್ತಳು. ನನಗೆ ತಿಳಿಯಿತು. ಬೆಳಗಾವಿ ಇನ್ನೂ ಅರ್ಧ ತಾಸಿದೆ ಎನ್ನುವಾಗ ಗಾಡಿಯಲ್ಲೇ ಮುಗಿದಿತ್ತು.

ಬಸ್ಸು ನಿಂತಿತ್ತು. ಕಂಡಕ್ಟರ್ "ಬರ್ರಿ ಅಕ್ಕಾರ, ಏರ್ರಿ" ಎಂದ. ಏರಲಿಲ್ಲ. ಬಯ್ಯುತ್ತಾ ಸೀಟಿ ಹೊಡೆದ. ಇನ್ನೊಂದು ಬಸ್ಸು ಬಂತು. ಅದೂ ಹೋಯಿತು. ಬೆಳಗಾವಿಗೆ ಹೋಗಿ ಮಾಡುವುದೇನು? ಅವರು ಅಲ್ಲಿಲ್ಲ, ಗಾಡಿ ತಿರುಗಿಸಿದ್ದಾರೆ. ಮೂಡಲಗಿಗೆ ಹೋಗಲೇ? ಯಾವ ಮುಖ ಹೊತ್ತು? ಹುಕ್ಕೇರಿಗೆ ತಿರುಗಿ ಹೋಗಿ ಸಲೈನ್ ಹಚ್ಚಲೇ? ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ರಸ್ತೆಯ ಅಂಚಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ... ಕಬ್ಬಿನಹಾಲು ಮಾರುವಾಕೆ ಒಬ್ಬಳು ಬಂದು ಕೈ ಹಿಡಿದು ನೆರಳಿಗೆ ಕರೆದೊಯ್ದು ಕೂರಿಸಿದಳು. ಏನಾಯಿತೆಂದು ಕೇಳಲಿಲ್ಲ. ಅವಳ ಮುಖ ಈಗ ನೆನಪಿಲ್ಲ, ಕೈ ಮಾತ್ರ ನೆನಪಿದೆ, ತಣ್ಣಗಿತ್ತು.

ಮಣ್ಣಿಗೆ ಹೋದೆ. ಜನರ ಹಿಂದೆ ನಿಂತು ಬಂದೆ. ಕಾಕೂನ ಮುಂದೆ ಹೋಗಿ ಕೂರುವ ಧೈರ್ಯ ಬಂದದ್ದು ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ. ಕಾಕೂ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ನಾನು ಕುಳಿತೆ. ಅವರೇ ಮಾತು ತೆಗೆದರು.

"ಅವರು ನಿನ್ನ ಕಡೆ ಬಂದಿದ್ರಲ್ಲವಾ. ಏನಂದಿ ನೀ?"

ನಾನು ಇದ್ದದ್ದನ್ನು ಹೇಳಿದೆ. ಕೇಳಿ ಹೇಳ್ತೀನಿ ಅಂದಿದ್ದೆ.

"ಹೂಂ. ಅವರೂ ಅದನ್ನ ಅಂದ್ರು. ಹುಡುಗಿ ಕೇಳಿ ಹೇಳ್ತಾಳ ಅಂತ. ಎರಡ ದಿವಸ ದಾರಿ ನೋಡಿದ್ರು."

"ಲಗ್ನಕ್ಕ ಬಂದಾಗ ನನಗ ಭಾಳ ಕೆಲಸ ಇತ್ರಿ ಕಾಕೂ..." ಎಂದು ಏನೋ ಹೇಳಲು ಹೋದೆ.

ಕಾಕೂ ನನ್ನ ಮುಖ ನೋಡಿದರು. "ಯಾವ ಲಗ್ನ? ಲಗ್ನ ಗಿಗ್ನ ಏನೂ ಇರ್ಲಿಲ್ಲ. ನಿನ್ನ ಕೇಳಾಕಂತನ ಎರಡ ಬಸ್ಸ ಬದಲಿ ಮಾಡಿ ಬಂದಿದ್ರು. ಫೋನಿನ್ಯಾಗ ಕೇಳ್ರಿ ಅಂದೆ. ಇಂಥಾ ಮಾತ ಎದುರಾಎದುರ ಕೇಳಬೇಕು ಅಂದ್ರು."

ಆಮೇಲಿನದನ್ನು ಕಾಕೂ ಬಿಡಿಬಿಡಿಯಾಗಿ ಹೇಳಿದರು. ಬುಧವಾರ ರಾತ್ರಿಯಿಂದ ಸರ್ ಆ ಎರಡು ಗುಳಿಗೆ ಬಿಟ್ಟರು. ಸೋಮವಾರ ಬೇರೊಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಗುಳಿಗೆ ಬಿಡಲು ಯಾರನ್ನಾದರೂ ಕೇಳಿದ್ದೀರಾ ಎಂದು ಆ ಡಾಕ್ಟರು ಕೇಳಿದರಂತೆ. "ಕೇಳೇನ್ರಿ. ನಮ್ಮ ಹುಡುಗಿ ನರ್ಸ್ ಅದಾಳ" ಎಂದರಂತೆ ಸರ್. ಅವರು ಆಡಿದ ಮಾತಿನಲ್ಲಿ ಸುಳ್ಳೇನೂ ಇಲ್ಲ. ಕೇಳಿದ್ದರು.

ಹಲ್ಲು ಸಲೀಸಾಗಿ ಬಂತು. ನಾನು ಫೋನ್ ಮಾಡಿದಾಗ ಸರ್ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದರು. ಪರದೆಯ ಮೇಲೆ ನನ್ನ ಹೆಸರು ನೋಡಿ ಕಾಕೂಗೆ ತೋರಿಸಿದರು. ಬಾಯಿ ತೆರೆಯುವಂತಿರಲಿಲ್ಲ. ಕಾಕೂಗೆ ಆ ಫೋನ್ ಎತ್ತಲು ಬರುತ್ತಿರಲಿಲ್ಲ. ನಾಳೆ ಮಾತಾಡುತ್ತೇನೆ ಎಂದು ಸರ್ ಕೈಸನ್ನೆ ಮಾಡಿದರಂತೆ. ಗುಳಿಗೆಯನ್ನೂ ಗಾಯ ಒಣಗಲೆಂದು ಮರುದಿನದಿಂದಲೇ ಶುರುಮಾಡುವುದೆಂದು ಇಟ್ಟಿದ್ದರು. ರಾತ್ರಿ ಎಷ್ಟೋ ದಿನದ ಮೇಲೆ ಹಾಲಿನಲ್ಲಿ ರೊಟ್ಟಿ ಮುರಿದು ಉಂಡು, ನೋವಿಲ್ಲದೆ ಮಲಗಿದರು.

"ಖುಷಿಲೆ ಮಲಗಿದ್ರವಾ" ಎಂದರು ಕಾಕೂ. ಬಯ್ಯಲಿಲ್ಲ. ಬೈದಿದ್ದರೆ ನಾನು ಅಳಬಹುದಿತ್ತು.

ದೊಡ್ಡ ಡಾಕ್ಟರನ್ನು ಆಮೇಲೊಮ್ಮೆ ಕೇಳಿದೆ, ಆ ಸೋಮವಾರ ಫೋನ್ ಎತ್ತಿದ್ದರೆ, ಅವತ್ತೇ ಗುಳಿಗೆ ನುಂಗಿದ್ದರೆ ಉಳಿಯುತ್ತಿದ್ದರೇ ಎಂದು. ಅವರು ಕಿಟಕಿಯ ಕಡೆ ನೋಡಿದರು. "ಹೇಳಾಕ ಬರೂದಿಲ್ಲ. ಉಳಿತಿದ್ರೂ ಉಳಿತಿದ್ರು" ಎಂದರು. ಬಿಟ್ಟವರಲ್ಲಿ ಏನೂ ಆಗದವರೂ ಇದ್ದಾರೆ, ಬಿಡದೆಯೂ ಆದವರಿದ್ದಾರೆ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ಖರೆಯೇ ಹಾಗೋ... ಮತ್ತೆ ಕೇಳಲಿಲ್ಲ.

ನಾನು ಈಗಲೂ ಹುಕ್ಕೇರಿಯಲ್ಲೇ ಕೆಲಸ ಮಾಡುತ್ತೇನೆ. ಗುಳಿಗೆ ಬಿಡಲೇ ಎಂದು ಯಾರಾದರೂ ಕೇಳಿದರೆ ಅವರನ್ನು ಕೂರಿಸಿ, ಇದ್ದ ಡಾಕ್ಟರು ಯಾರೇ ಆಗಿರಲಿ, ಆಗಲೇ ಹೋಗಿ ಕೇಳುತ್ತೇನೆ. ಬೈಸಿಕೊಂಡದ್ದೂ ಇದೆ. ಇದರಿಂದ ಹಿಂದಿನದು ಏನೂ ತಿರುಗಿ ಬರುವುದಿಲ್ಲ, ಅದು ನನಗೆ ಗೊತ್ತು.

ಕಾಕೂ ಈಗ ಮಗಳ ಜೊತೆ ಅರಭಾವಿಯಲ್ಲಿದ್ದಾರೆ. ಈ ಬೇಸಿಗೆಯಲ್ಲಿ ಹೋಗಿದ್ದೆ. ಮಗಳು ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಕಾಕೂ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ತೊಡೆಯ ಮೇಲೆ ಇಟ್ಟರು. ಸಕ್ಕರೆ ಕಾಯಿಲೆ ಬಂದಿದೆಯಂತೆ, ಎರಡು ಹೊಸ ಗುಳಿಗೆ ಬರೆದಿದ್ದಾರೆ. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಗೊಂದಲ. ಮಗಳು ಎರಡು ಸಲ ಹೇಳಿದ್ದಾಳೆ, ಔಷಧ ಅಂಗಡಿಯವನು ಒಮ್ಮೆ ಹೇಳಿದ್ದಾನೆ.

"ಅವರೆಲ್ಲಾ ಹೇಳ್ಯಾರ. ಆದ್ರ ನೀ ಒಮ್ಮೆ ನೋಡಿ ಹೇಳ್ತಿ ಅಂತ ಇಟ್ಟಿದ್ದೆ" ಎಂದರು.

ಚೀಟಿಯನ್ನು ಒಮ್ಮೆ ಓದಿದೆ. ಇನ್ನೊಮ್ಮೆ ಓದಿದೆ. ಪೆನ್ನು ತೆಗೆದು ಪಟ್ಟಿಗಳ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಕಾಕೂ ಪಟ್ಟಿಗಳನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಕೂಡಿಸಿ ಕೂಡಿಸಿ ಓದಿದರು.

"ಮೊದ್ಲ ಇದನ್ನೆಲ್ಲ ಅವರ ನೋಡ್ಕೋತಿದ್ರು" ಎಂದರು. ಆಮೇಲೆ ಚೀಲದ ಬಾಯಿ ಗಂಟು ಹಾಕುತ್ತಾ, "ಈಗ ನೀ ಅದೀ ಅನ್ನೂದೊಂದ ಧೈರ್ಯ ನೋಡವಾ" ಎಂದರು.

ಚಹಾ ಮಾಡುತ್ತೇನೆಂದು ಅವರು ಎದ್ದು ಒಳಗೆ ಹೋದರು. ನಾನು ಅಲ್ಲೇ ಕುಳಿತಿದ್ದೆ.